ನಾಲ್ಕನೇ ಸಲ ನೀನು ಈಜಿ ಬಂದಾಗ

ಮೊಗಪಾಲೆಂ
23 ಮಾರ್ಚ್ 1986, ಭಾನುವಾರ

ಎಲ್ಲಾಜಿ ಅಣ್ಣಂಗೆ,

ನಾನು ನೂಕರಾಜು. ಹೇಗಿದೀಯ ಅಂತ ಕೇಳಲ್ಲ. ನಾವು ಹೇಗಿದೀವಿ ಅಂತಾನೂ ಬರೆಯಲ್ಲ. ಅಮ್ಮ ಬರೀ ಅಂದ್ಲು, ಅದಕ್ಕೆ ಬರೀತಿದೀನಿ. ಏಳನೇ ಕ್ಲಾಸಲ್ಲಿ ಮೇಷ್ಟ್ರ ಬೆತ್ತ ಕಿತ್ಕೊಂಡು ಮುರಿದು ಎದ್ದು ಬಂದೋನು ನಾನು, ನನ್ನ ಹತ್ರ ನೇವಿಯೋರ ಥರ ಕಾಗದ ನಿರೀಕ್ಷೆ ಮಾಡ್ಬೇಡ.

ನಿನ್ನ ಕಾಗದ ಬುಧವಾರ ಬಂತು. ಪೋಸ್ಟಿನ ಅಪ್ಪಾರಾವು ಕೈಗೆ ಕೊಡ್ಲಿಲ್ಲ, ಒಣಗಾಕಿದ್ದ ಬಲೆ ಮೇಲೆ ಎಸೆದು ಹೋದ. ಮುಂಚೆ ಅವನೇ ಬೀದಿ ತುದಿಯಿಂದ 'ನೇವಿ ಕಾಗದ, ನೇವಿ ಕಾಗದ' ಅಂತ ಕೂಗ್ಕೊಂಡು ಬಂದು, ಅಮ್ಮನ ಕೈಲಿ ಟೀ ಕುಡೀದೆ ಕದಲ್ತಿರಲಿಲ್ಲ. ಈಗ ನಮ್ಮ ಮನೆ ಟೀ ಅವನಿಗೂ ಕಹಿ.

ನಾಲ್ಕು ದಿನ ಅಮ್ಮ ಅದನ್ನ ಮುಟ್ಲಿಲ್ಲ. ಇವತ್ತು ಬೆಳಿಗ್ಗೆ ಮೀನು ಸೀಳಿ ಉಪ್ಪು ಹಾಕ್ತಾ ಕೂತಿದ್ದೋಳು, ತಲೆ ಎತ್ತದೇನೇ 'ಏನಂತೆ ಅವನದು, ಓದು' ಅಂದ್ಲು. ಓದ್ದೆ. ಏಪ್ರಿಲ್ ಹನ್ನೆರಡಕ್ಕೆ ವಿಶಾಖಪಟ್ನದಲ್ಲಿ ನಿಂಗೆ ಮೆಡಲ್ಲು ಹಾಕ್ತಾರೆ. ಮನೆಯೋರಿಗೆ ಅಂತ ಎರಡು ಪಾಸು ಕೊಟ್ಟಿದಾರೆ. ಅಮ್ಮ ಬಂದು ಮುಂದಿನ ಸಾಲಲ್ಲಿ ಕೂತ್ರೆ ತಗೋತೀಯ, ಬರಲ್ಲ ಅಂದ್ರೆ ಬೇಡ ಅಂತ ಬರ್ಕೊಡ್ತೀಯ. ಕಾರ್ತಿಕದಲ್ಲಿ ಅಯ್ಯನ ವರ್ಷದ ತಿಥಿ ದೊಡ್ಡ ಮಗ ನೀನೇ ಮಾಡ್ಬೇಕು, ಅಷ್ಟಕ್ಕಾದ್ರೂ ಬಾಗಿಲು ತೆಗೀಬೇಕು. ಇಷ್ಟೇ ಅಲ್ವಾ ನೀನು ಬರ್ದಿದ್ದು? ಬಾಕಿ ಎಲ್ಲಾ ಅಮ್ಮನ ಮಂಡಿನೋವಿಗೆ ಯಾವ ಎಣ್ಣೆ ಹಚ್ಬೇಕು ಅಂತ. ಅದನ್ನೂ ಓದ್ದೆ.

ಅಮ್ಮ ಕೈಯಲ್ಲಿದ್ದ ಮೀನು ಮುಗಿಸಿ ಇನ್ನೊಂದು ತಗೊಂಡ್ಲು. ಆಮೇಲೆ ಅಂದ್ಲು, 'ಬರ್ಕೋ. ನಂಗೆ ಒಬ್ನೇ ಮಗ. ಹೆಸ್ರು ನೂಕರಾಜು. ಎಲ್ಲಾಜಿ ಅಂತ ಯಾರೂ ನನ್ನ ಹೊಟ್ಟೇಲಿ ಹುಟ್ಟಿಲ್ಲ. ಮೆಡಲ್ಲು ಕೊಡೋ ಸರ್ಕಾರಾನೇ ಅವನಿಗೆ ತಾಯಿ, ಅದನ್ನೇ ಮುಂದಿನ ಸಾಲಲ್ಲಿ ಕೂರಿಸ್ಕೊಳ್ಲಿ.'

ಪಕ್ಕದ ಜಗಲಿಯಿಂದ ಆದೆಮ್ಮ ಕತ್ತು ಚಾಚಿದ್ಲು. ಅವ್ಳ ಕಿವಿ ಗೊತ್ತಲ್ಲ ನಿಂಗೆ. 'ಪೋಲಮ್ಮಾ, ಅದು ಬಂಗಾರದ್ದಂತೆ, ಹೌದಾ?'

'ಬಂಗಾರದ್ದಾದ್ರೆ ನಿಂಗೇ ಕೊಡ್ತೀನಿ, ನಿನ್ನ ಸೊಸೆಗೆ ಮೂಗುಬೊಟ್ಟು ಮಾಡಿಸು. ಬಾಯಿಗೂ ಒಂದು ಮಾಡಿಸ್ಕೋ, ಹೊಲಿಯೋಕೆ.'

'ನಾನೇನಂದೆ ಈಗ?'

'ಏನೂ ಅಂದಿಲ್ಲ ತಾಯಿ. ನೀನು ಏನೂ ಅಂದಿಲ್ಲ, ಊರಲ್ಲಿ ಯಾರೂ ಏನೂ ಅಂದಿಲ್ಲ. ಒಳಗೆ ಹೋಗು, ನಿನ್ನ ಗಂಜಿ ಉಕ್ತಿದೆ.'

ಆಮೇಲೆ ನನ್ನ ಕಡೆ ತಿರುಗಿ 'ಬರ್ದ್ಯಾ?' ಅಂದ್ಲು. ಬರ್ದೆ ಅಂದೆ. 'ಓದು ನೋಡಣ' ಅಂದ್ಲು. ಅವ್ಳು ಹೇಳಿದ್ದಷ್ಟೇ ಓದ್ದೆ. ಆದೆಮ್ಮಂದು, ಅಪ್ಪಾರಾವುದು ಓದ್ಲಿಲ್ಲ. ಅಮ್ಮ ಸರಿ ಅಂತ ಮೀನಿನ ಬುಟ್ಟಿ ತಗೊಂಡು ಒಣಗಾಕೋಕೆ ದಿಬ್ಬದ ಕಡೆ ಹೋದ್ಲು. ಈಗ ಮನೇಲಿ ನಾನೊಬ್ನೇ ಇದೀನಿ. ಅಮ್ಮಂದು ಮುಗೀತು. ಇನ್ನು ಮುಂದೆ ನಂದು.

ನಿಂಗೆ ನಾಚಿಕೆ ಇಲ್ವಾ ಅಣ್ಣಾ?

ಈ ಊರಲ್ಲಿ ನಿನ್ನ ಬಗ್ಗೆ ಏನು ಮಾತಾಡ್ತಾರೆ ಗೊತ್ತಾ? ಪೆಂಟಯ್ಯ ಮಾವ ದಿನಾ ಕಳ್ಳಿನಂಗಡೀಲಿ ಕೂತು ಅದೇ ಕಥೆ ಹೇಳ್ತಾನೆ. ನೀನು ಅವನ್ನ ಹಗ್ಗಕ್ಕೆ ಕಟ್ಕೊಂಡು ಎಳೆಯೋವಾಗ ಮಗುಚಿದ ದೋಣಿಯ ಆಚೆ ಮಗ್ಗುಲಿಂದ ಅಯ್ಯ ಕರೀತಿದ್ನಂತೆ. ಮೊದ್ಲು ಒಂದ್ಸಲ ಕರೆದಿದ್ದ. ಸಂಕ್ರಾಂತಿ ಹೊತ್ತಿಗೆ ನಾಲ್ಕು ಸಲ ಆಯ್ತು. ಈಗ ಯಾರಾದ್ರೂ ಎರಡನೇ ಲೋಟ ಕುಡಿಸಿದ್ರೆ ಅವನ ಕಥೇಲಿ ಅಯ್ಯ 'ಎಲ್ಲಾಜಿ, ಎಲ್ಲಾಜಿ' ಅಂತ ಹೆಸರು ಹಿಡಿದು ಅಳ್ತಾನೆ. ನೀನು ಮುಳುಗಿ ಎದ್ದು ಎಳೆದು ತಂದ ಜೀವ ಅದು, ಕಳ್ಳು ಕುಡಿದು ನಿನ್ನ ಮೇಲೇ ಉಗೀತಿದೆ.

ಆ ಪೇಪರಿನೋನು ಬೇರೆ. 'ತಂದೆಯನ್ನು ಬಿಟ್ಟು ಅನ್ಯರನ್ನು ಉಳಿಸಿದ ವೀರ' ಅಂತ ದಪ್ಪಕ್ಷರದಲ್ಲಿ ಹಾಕ್ದ. ಅವನಿಗೆ ಅದು ಹೊಗಳಿಕೆ. ಸ್ಕೂಲಿನ ಮೇಷ್ಟ್ರು ಅದನ್ನ ಅಮ್ಮನ ಮುಂದೆ ನಿಂತು ಜೋರಾಗಿ ಓದಿದ್ರು, ಸಂತೋಷ ಆಗ್ಲಿ ಅಂತ. ಅಮ್ಮ 'ಮೊದಲ್ನೇದು ಇನ್ನೊಂದ್ಸಲ ಓದಿ' ಅಂದ್ಲು. ಓದಿದ್ರು. 'ಅಪ್ಪನ್ನ ಬಿಟ್ಟು ಅಂತಾನೇ ಇದೆಯಾ?' ಹೌದಮ್ಮ ಅಂದ್ರು. ಆ ಪೇಪರಲ್ಲಿ ಅಮ್ಮ ಒಣಮೀನು ಕಟ್ಟಿ ಮಾರಿದ್ಲು.

ಅಯ್ಯ ಹೋದ ಹತ್ತನೇ ದಿನ ನೀನು ಬಂದಿದ್ದೆ. ಎರಡು ಕೈಗೂ ಬ್ಯಾಂಡೇಜು, ಹಗ್ಗ ಸೀಳಿದ್ದು. ಅಯ್ಯ ಸಿಕ್ಕಿರಲಿಲ್ಲ, ಅದಕ್ಕೆ ಅವನ ಪಂಚೆ, ತಲೆಗೆ ಕಟ್ಟೋ ಟವೆಲ್ಲು, ಒಂದು ಕಟ್ಟು ಬೀಡಿ ಮಡಕೇಲಿ ಇಟ್ಟು ಹೂಳೋಕೆ ಎಲ್ಲಾ ಸಿದ್ಧ ಮಾಡಿದ್ವಿ. ನೀನು ತಲೆ ಬೋಳಿಸ್ಕೊಳ್ಳೋಕೆ ಅಂತ ಕ್ಷೌರದೋನ ಮುಂದೆ ಕೂತೆ. ಅಮ್ಮ ಬಂದು ನಿನ್ನ ತೋಳು ಹಿಡಿದು ಎಬ್ಬಿಸಿದ್ಲು. 'ನಿನ್ನ ಬೆನ್ನ ಮೇಲೆ ನಾಲ್ಕು ಜನ ಬಂದ್ರು. ಐದನೇಯೋನು ಭಾರ ಆದ್ನಾ?' ಅಂದ್ಲು. ಊರೆಲ್ಲಾ ನಿಂತಿತ್ತು. ಪೆಂಟಯ್ಯ ಮಾವ ಮುಂದೆ ಬಂದು, 'ನಿಮ್ಮಯ್ಯ ಕೊರ್ಲಯ್ಯ ಸರಂಗು ಬದುಕಿದ್ದ ಕಣಪ್ಪಾ, ನನ್ನ ಹಡಗಿಗೆ ಎತ್ತೋವಾಗ್ಲೂ ಕರೆದಿದ್ದು ಕಿವಿಯಾರೆ ಕೇಳಿದೀನಿ, ಆಚೆ ಮಗ್ಗುಲಲ್ಲಿ ಬಲೆಗೆ ಕಾಲು ಸಿಕ್ಕಿ ನಿಂತಿದ್ದ' ಅಂದ.

ಆವಾಗ ನೀನು ನನ್ನ ನೋಡ್ದೆ.

ನೆನಪಿದೆಯಾ? ಇದೆ, ನಂಗೊತ್ತು. ನೀನು ಅದುವರೆಗೂ ಅಯ್ಯ ಮೊದ್ಲೇ ಹೋಗಿದ್ದ ಅಂತಾನೇ ತಿಳ್ಕೊಂಡಿದ್ದೆ. ಪೆಂಟಯ್ಯನ ಮಾತು ಕಿವಿಗೆ ಬಿದ್ದಾಗ ನಿನ್ನ ಮುಖ ಬಿಳುಚಿದ್ದು ನಾನು ನೋಡ್ದೆ. ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ ನಾನು ಗುಂಪಿನ ಹಿಂದಕ್ಕೆ ಸರ್ದೆ. ನೀನು ನೆಲ ನೋಡ್ಕೊಂಡು, 'ನಾನೇ ನೋಡ್ಲಿಲ್ಲ ಮಾವ. ನಂದೇ ತಪ್ಪು' ಅಂದೆ. ಚೀಲ ಎತ್ಕೊಂಡು ಹೋದೆ. ಬೋಳಿಸಿದ್ದು ನನ್ನ ತಲೆ. ಮಡಕೆ ಹೊತ್ತಿದ್ದು ನಾನು.

ಊರೋರು ನನ್ನೂ ಕೇಳಿದ್ರು. 'ಕೊನೇಲಿ ಬಂದೋನು ನೀನು, ನೀನೇನು ನೋಡ್ದೆ?' ಕಣ್ಣು ತುಂಬ ಉಪ್ಪುನೀರು, ಏನೂ ಕಾಣ್ಲಿಲ್ಲ ಅಂದೆ. ನಮ್ಮ ದೋಣೀಲಿದ್ದ ಗುರುವುಲುನ ಅಮ್ಮ ನನ್ನ ತಲೆ ಸವರಿ, ಪಾಪ ಮಗು ಅಂದ್ಲು. ಹತ್ತೊಂಬತ್ತು ವರ್ಷದ ಮಗು.

ಈಗ ಎಲ್ಲಾ ಬರೀತೀನಿ. ನಿಂಗೆ ಗೊತ್ತಿರೋದೂ ಬರೀತೀನಿ, ಗೊತ್ತಿಲ್ದೇ ಇರೋದೂ ಬರೀತೀನಿ. ಮಧ್ಯ ನಿಲ್ಲಿಸಿದ್ರೆ ಮತ್ತೆ ಬರೆಯೋಕಾಗಲ್ಲ.

ಆ ದಿನ ತೂಫಾನು ಬರತ್ತೆ ಅಂತ ರೇಡಿಯೋದಲ್ಲಿ ಹೇಳಿದ್ರು. ಬಾವುಟಾನೂ ಹಾರಿಸಿದ್ರು. ಅಯ್ಯ ಆಕಾಶ ನೋಡಿ 'ಮಧ್ಯಾಹ್ನದ ಮೇಲೆ' ಅಂದ, 'ಹೋಗಿ ಒಂದ್ಸಲ ಬಲೆ ಎಳ್ಕೊಂಡು ಬಂದ್ಬಿಡೋಣ.' ಅಯ್ಯನ ಲೆಕ್ಕ ಯಾವತ್ತೂ ತಪ್ಪಿರಲಿಲ್ಲ. ಅವತ್ತು ಮೂರು ಗಂಟೆ ತಪ್ತು. ಬೆಳಿಗ್ಗೆ ಒಂಬತ್ತಕ್ಕೆ ಗಾಳಿ ತಿರುಗ್ತು. ಬಲೆ ಪೂರ್ತಿ ನೀರಲ್ಲಿತ್ತು, ತುಂಬಿತ್ತು. ಪೆಂಟಯ್ಯ ಕತ್ತರಿಸು ಅಂದ. ಅಯ್ಯ ಅರ್ಧ ಎಳೆದು ನೋಡೋಣ ಅಂದ. ಬಲೆ ಒಂದು ಪಕ್ಕಕ್ಕೆ ಜಗ್ಗಿತು, ಅಲೆ ಇನ್ನೊಂದು ಪಕ್ಕದಿಂದ ಬಂತು. ದೋಣಿ ನಮ್ಮ ಮೇಲೆ ಮಗುಚ್ಕೊಳ್ತು, ಮಡಕೆ ಮುಚ್ಚಿದಂಗೆ.

ಮೇಲೆ ಬಂದಾಗ ಮೊದ್ಲು ಕೇಳಿದ್ದು ಅಯ್ಯನ ಕರೆ. 'ಹೋ…ಯ್' ಅಂತ ಅವನದೇ ಒಂದು ಎಳೆತ ಇತ್ತಲ್ಲ, ಕೊನೇಲಿ ಮೇಲಕ್ಕೆ ಹೋಗೋದು. ನಾವು ಒಬ್ಬೊಬ್ರೇ 'ಇದೀನಿ' ಅಂದ್ವಿ. ಗುರುವುಲು ಇದೀನಿ. ದಾನೇಸು ಇದೀನಿ. ಪೆಂಟಯ್ಯ ಇದೀನಿ. ನಾನು ಇದೀನಿ. ನಾಲ್ಕೂ ಜನ ದೋಣಿಯ ಈಚೆ ಮಗ್ಗುಲು ಹಿಡ್ಕೊಂಡಿದ್ವಿ. ಅಯ್ಯ ಆಚೆ. ನಡುವೆ ದೋಣಿ ಬೆನ್ನು, ಮೂರು ಮಾರು ಇಲ್ಲ. ಬಲೆ ಕಾಲಿಗೆ ಸುತ್ಕೊಂಡಿದೆ, ಚಾಕು ಬಿದ್ದೋಯ್ತು ಅಂದ. 'ಯಾರೂ ಈ ಕಡೆ ಬರ್ಬೇಡಿ, ಬಂದ್ರೆ ನಿಮಗೂ ಸುತ್ಕೊಳತ್ತೆ' ಅಂದ. ಆಮೇಲೆ ಪ್ರತಿ ಐದು ಹತ್ತು ಅಲೆಗೆ ಒಂದ್ಸಲ ಕರೀತಾನೇ ಇದ್ದ, ನಾವು ಇದೀನಿ, ಇದೀನಿ ಅಂತಾನೇ ಇದ್ವಿ. ದೋಣಿ ನಡೆಸೋ ಸರಂಗು ಆದೋನು ಉಸಿರಿರೋವರೆಗೂ ಕರೆ ನಿಲ್ಲಿಸಲ್ಲ. ಕರೆ ನಿಂತ್ರೆ ಸರಂಗು ಇಲ್ಲ. ಇದು ನಮ್ಮಲ್ಲಿ ಹಾಲು ಕುಡಿಯೋ ಕೂಸಿಗೂ ಗೊತ್ತು.

ಒಂದು ಗಂಟೆ ಆದ್ಮೇಲೆ ನಿಮ್ಮ ಹಡಗು ಕಾಣ್ತು. ಯಾವ ಹಡಗೋ ಅಂತ ನಂಗೆ ಆಗ ಗೊತ್ತಿರಲಿಲ್ಲ. ಅದು ಇಳಿಸಿದ ರಬ್ಬರ್ ದೋಣಿ ಹಡಗಿನ ಪಕ್ಕದಲ್ಲೇ ತಲೆಕೆಳಗಾಯ್ತು. ಆಮೇಲೆ ಒಬ್ಬ ಸೊಂಟಕ್ಕೆ ಹಗ್ಗ ಕಟ್ಕೊಂಡು ನೀರಿಗೆ ಹಾರ್ದ. ಯಾರೋ ಹುಚ್ಚ ಅಂದ್ಕೊಂಡೆ. ಹತ್ರ ಬಂದಾಗ ನೀನು. ದೋಣಿಗೆ ಬಳಿದಿದ್ದ ಹಳದಿ ಪಟ್ಟೆ ನೋಡಿ ನಮ್ದೇ ಅಂತ ಗುರ್ತಾಗಿತ್ತು ನಿಂಗೆ.

ನಾನು 'ಅಣ್ಣಾ' ಅಂತ ಕೈ ಚಾಚ್ದೆ. ನೀನು ನನ್ನ ದಾಟಿ ಹೋಗಿ ಗುರುವುಲುನ ಹಿಡ್ಕೊಂಡೆ. ಬೇರೆ ಮನೆ ಮಕ್ಕಳನ್ನ ಕರ್ಕೊಂಡು ಸಮುದ್ರಕ್ಕೆ ಹೋದ್ರೆ ಅವರನ್ನ ಮೊದ್ಲು ದಡ ಸೇರಿಸ್ಬೇಕು, ಸ್ವಂತ ರಕ್ತ ಆಮೇಲೆ, ಸರಂಗು ಎಲ್ರಿಗಿಂತ ಕೊನೇಗೆ. ಗೊತ್ತು ನಂಗೆ. ಗೊತ್ತಿದ್ರೂ ನನ್ನ ಹಲ್ಲು ಕಟಕಟ ಅಂದಿದ್ದು ಚಳಿಗಲ್ಲ. ಗುರುವುಲು ಆದ್ಮೇಲೆ ದಾನೇಸು. ದಾನೇಸು ಆದ್ಮೇಲೆ ಪೆಂಟಯ್ಯ. ಪೆಂಟಯ್ಯನ ಎಳ್ಕೊಂಡು ಹೋಗೋವಾಗ ನೀನು ಎರಡ್ಸಲ ಮುಳುಗಿದ್ದು ನೋಡ್ದೆ. ಇನ್ನೊಂದ್ಸಲ ಬರ್ತೀಯ, ಅದಕ್ಕಿಂತ ಹೆಚ್ಚು ಆಗಲ್ಲ ಅಂತ ನಂಗೆ ಅನ್ನಿಸ್ತು. ದೋಣೀನೂ ಮೂಗಿನ ಕಡೆಯಿಂದ ಇಳೀತಾ ಇತ್ತು.

ಈಚೆ ಮಗ್ಗುಲಲ್ಲಿ ನಾನೊಬ್ನೇ ಉಳ್ಕೊಂಡೆ. ಅಯ್ಯ ಕರೆದ. ನಾನು ಇದೀನಿ ಅಂದೆ. ಅಯ್ಯ, 'ಅಣ್ಣ ಎಲ್ಲಿವರೆಗೆ ಬಂದ?' ಅಂದ. ಬರ್ತಿದಾನೆ ಅಂದೆ. 'ಅವನ ಹತ್ರ ಚಾಕು ಇದೆಯಾ ನೋಡು' ಅಂದ.

ಇತ್ತು. ನಿನ್ನ ಸೊಂಟದಲ್ಲಿ ಇತ್ತು. ಮೊದಲ್ನೇ ಸಲಾನೇ ನೋಡಿದ್ದೆ.

ನೀನು ನಾಲ್ಕನೇ ಸಲ ಈಜಿ ಬಂದಾಗ ನಿನ್ನ ಕಣ್ಣು ಕೆಂಡ ಆಗಿತ್ತು. ಬಾಯಿಂದ ಮಾತೇ ಬರ್ತಿರಲಿಲ್ಲ. ದೋಣಿ ಮೇಲೆ ಕೈ ಇಟ್ಟು, 'ಅಯ್ಯ ಎಲ್ಲೋ?' ಅಂದೆ. ನೀನು ಆಚೆ ಮಗ್ಗುಲಿಗೆ ಹೋಗಿ ಬಲೆ ಕತ್ತರಿಸೋಕೆ ನಿಂತ್ರೆ ನಿನ್ನ ಬಲ ಅಲ್ಲೇ ಮುಗಿಯತ್ತೆ, ನನ್ನ ಎಳೆಯೋಕೆ ಏನೂ ಉಳಿಯಲ್ಲ, ದೋಣಿ ಇಳಿದ್ರೆ ನಾನು ಹೋದೆ. ಇಷ್ಟು ಲೆಕ್ಕ ನನ್ನ ತಲೇಲಿ ಒಂದು ಉಸಿರಲ್ಲಿ ಆಯ್ತು. ಸ್ಕೂಲಲ್ಲಿ ಯಾವ ಲೆಕ್ಕಾನೂ ನಾನು ಅಷ್ಟು ಬೇಗ ಮಾಡಿರಲಿಲ್ಲ.

'ಅಯ್ಯ ಹೋದ. ಪೆಂಟಯ್ಯನ ನೀನು ಎಳೆಯೋವಾಗ್ಲೇ ಹೋದ. ನಾನೇ ನೋಡ್ದೆ' ಅಂದೆ. ಜೋರಾಗಿ ಅಂದೆ. ಗಾಳಿ ಇತ್ತಲ್ಲ, ಜೋರಾಗೇ ಹೇಳ್ಬೇಕಿತ್ತು.

ಇಲ್ಲಿವರೆಗೂ ನಿಂಗೆ ಗೊತ್ತು. ಹತ್ತನೇ ದಿನ ಪೆಂಟಯ್ಯ ಬಾಯಿ ಬಿಟ್ಟಾಗ ನಿಂಗೆ ಗೊತ್ತಾಯ್ತು, ತಮ್ಮ ಸುಳ್ಳು ಹೇಳ್ದ ಅಂತ. ಗೊತ್ತಿಲ್ದೇ ಇರೋದು ಇನ್ನು ಮುಂದಿಂದು.

ನೀನು ನನ್ನ ಮಾತು ನಂಬಲಿಲ್ಲ. ಕಿವಿ ಮರದ ಹತ್ರ ತಂದು ಕಾದೆ. ನೇವಿ ಸೇರಿ ಆರು ವರ್ಷ ಆದ್ರೂ ನೀನು ಪಾಲೆಂ ಹುಡುಗಾನೇ. ಸರಂಗು ಇದ್ರೆ ಕರೀತಾನೆ ಅಂತ ಕಾದೆ. ಒಂದು ಅಲೆ ಹೋಯ್ತು. ಇನ್ನೊಂದು ಹೋಯ್ತು. ನಾನೂ ಕಿವಿ ಕೊಟ್ಟಿದ್ದೆ, ಈಗ ಕರೀತಾನೆ, ಈಗ ಹೋಯ್ ಅಂತಾನೆ ಅಂತ. ಮೂರನೇ ಅಲೇನೂ ಹೋಯ್ತು. ಕರೀಲಿಲ್ಲ. ನೀನು ನನ್ನ ತೋಳಿನ ಕೆಳಗೆ ಕೈ ಹಾಕ್ದೆ.

ಅವನು ಬದುಕಿದ್ದ ಅಣ್ಣಾ. ಮೂರು ಮಾರು ದೂರದಲ್ಲಿ, ನನ್ನ ಮಾತು ಒಂದೊಂದೂ ಕೇಳಿಸ್ಕೊಂಡು ಇದ್ದ. ಹತ್ತೋಕೆ ಅಂತ ಹಡಗಿನ ಪಕ್ಕಕ್ಕೆ ಇಳಿಬಿಟ್ಟಿದ್ದ ಹಗ್ಗದ ಬಲೆ ಮೇಲೆ ನನ್ನ ಎಳೆದಾಗ ನಾನು ಎತ್ತರಕ್ಕೆ ಬಂದೆ, ಅಲ್ಲಿಂದ ಆಚೆ ಮಗ್ಗುಲು ಕಾಣ್ತು. ಅಯ್ಯನ ನೀಲಿ ಬನಿಯನ್ ಕಾಣ್ತು. ಎರಡು ಕೈಲೂ ಮರ ಹಿಡ್ಕೊಂಡು ನಮ್ಮ ಕಡೇನೇ ನೋಡ್ತಿದ್ದ. ಕೈ ಎತ್ತಲಿಲ್ಲ. ಬಾಯಿ ತೆಗೀಲಿಲ್ಲ. ಎಷ್ಟು ಹೊತ್ತು ನೋಡ್ದೆ ಅಂತ ಕೇಳ್ಬೇಡ. ಒಂದು ದೊಡ್ಡ ಅಲೆ ಬಂತು, ಅದು ಇಳಿದಾಗ ದೋಣೀನೂ ಇರಲಿಲ್ಲ.

ಅಷ್ಟು ಹೊತ್ತೂ ನನ್ನ ಬಾಯಿ ಇತ್ತು. ನಿಮ್ಮೋರು ಹನ್ನೆರಡು ಜನ ಅಲ್ಲಿ ನಿಂತಿದ್ರು. ಮೊದ್ಲು ಬಂದ ಮೂವರನ್ನ ಆಗ್ಲೇ ಒಳಗೆ ಮಲಗಿಸಿದ್ರು. ಮೇಲೆತ್ತೋ ಹೊತ್ತಿಗೆ ನಿಂಗೆ ಪ್ರಜ್ಞೆ ಇರಲಿಲ್ಲ, ಅವರಿಗೆ ಇತ್ತು. ಅಲ್ಲಿ ಅಂತ ಒಂದು ಬೆರಳು ತೋರಿಸಿದ್ರೆ ಸಾಕಿತ್ತು. ಒಬ್ಬ ಹಿಂದಿಯೋನು ನನ್ನ ಮೇಲೆ ಕಂಬಳಿ ಹೊದಿಸಿ ಬಿಸಿ ಟೀ ಕೊಟ್ಟ. ಕುಡ್ದೆ. ಪೂರ್ತಿ ಕುಡ್ದೆ.

ಅಯ್ಯ ಯಾಕೆ ಕರೀಲಿಲ್ಲ ಅಂತ ನಂಗೆ ಹೇಳ್ಬೇಡ. ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಮಗ ಬದುಕ್ಲಿ ಅಂತ ಸುಮ್ಮನಾದ ಅಂತ ನೀನು ಬರೀತೀಯ. ನನ್ನಂಥೋನ್ನ ಹುಟ್ಟಿಸಿದ್ದಕ್ಕೆ ಹೇಸಿ ಸುಮ್ಮನಾಗಿದ್ರೆ? ಅವನ ಮುಖ ನಾನು ನೋಡಿದೀನಿ, ನೀನು ನೋಡಿಲ್ಲ. ಅದರಲ್ಲಿ ಏನೂ ಬರ್ದಿರಲಿಲ್ಲ.

ಈಗ ನಿನ್ನ ವಿಷಯ. ನೀನು ಯಾವ ಸೀಮೆ ಮನುಷ್ಯ? ಹತ್ತನೇ ದಿನ ನನ್ನ ಹಿಡಿದು ಎಳೆದು ಎಲ್ರ ಮುಂದೆ ಕಪಾಳಕ್ಕೆ ಹೊಡೀಬೇಕಿತ್ತು. 'ಇವನು ಹೋದ ಅಂದ, ಅದಕ್ಕೆ ಬಂದೆ' ಅಂತ ಒಂದು ಮಾತು. ಹೇಳಿದ್ರೆ ಅಮ್ಮ ನಿನ್ನ ಕಾಲು ತೊಳೀತಿದ್ಲು. ನೀನು ನೆಲ ನೋಡ್ದೆ. ನಿನ್ನ ಸಮುದ್ರದ ಧೈರ್ಯಕ್ಕೆ ಅವರು ಮೆಡಲ್ಲು ಕೊಡ್ತಾರೆ, ಸರಿ, ಕೊಡ್ಲಿ. ಈ ಮೌನಕ್ಕೆ ನಾನೇನು ಕೊಡ್ಲಿ? ನನ್ನ ಕೇಳ್ದೆ ನನ್ನ ಮೇಲೆ ಹೊರಿಸಿದ್ಯಲ್ಲ ಈ ಉಪಕಾರ, ಇದನ್ನ ಹೊತ್ಕೊಂಡು ನಾನು ನಾಲ್ಕು ತಿಂಗಳಿಂದ ಅನ್ನ ತಿಂತಿದೀನಿ. ನಿನ್ನ ಬೈದಾಗೆಲ್ಲಾ ಊರೋರು ನನ್ನ ಬೆನ್ನು ತಟ್ತಾರೆ. ಪೆಂಟಯ್ಯ ಅವನ ಲೋಟದಲ್ಲಿ ನಂಗೆ ಕಳ್ಳು ಹಾಕ್ತಾನೆ. ಅಮ್ಮ ಮೀನಿನ ತಲೆ ನನ್ನ ತಟ್ಟೇಗೇ ಹಾಕ್ತಾಳೆ, ಅಯ್ಯಂಗೆ ಹಾಕ್ತಿದ್ದಂಗೆ.

ನಂಗೆ ಸಾಕಾಯ್ತು. ನೀನು ಹೇಳಲ್ಲ. ಸತ್ರೂ ಹೇಳಲ್ಲ, ಅಷ್ಟು ದೊಡ್ಡ ಮನುಷ್ಯ. ನಾನೇ ಹೇಳ್ತೀನಿ. ಅಮ್ಮ ದಿಬ್ಬದಿಂದ ಬರ್ತಿದಾಳೆ, ಕಾಣ್ತಿದೆ. ಬಂದು ಕೈ ತೊಳ್ಕೊಂಡ ಮೇಲೆ ಇದನ್ನ ಮೊದಲಿಂದ ಕೊನೇವರೆಗೂ ಓದ್ತೀನಿ. ಆದೆಮ್ಮಂಗೂ ಕೇಳ್ಲಿ. ಆಮೇಲೆ ಸಂಜೆ ರಾಮನ ಗುಡಿ ಕಟ್ಟೆ ಮೇಲೆ ಹಿರಿಯರು ಸೇರ್ತಾರೆ, ಅಲ್ಲೂ ಹೇಳ್ತೀನಿ. ಸರಂಗು ಬದುಕಿದ್ದಾಗ್ಲೇ ಹೋದ ಅಂತ ಕೂಗಿದೋನ್ನ ಈ ದಡದಲ್ಲಿ ಯಾವ ದೋಣೀನೂ ಹತ್ತಿಸ್ಕೊಳ್ಳಲ್ಲ, ಗೊತ್ತು. ಬೇಡ. ಹತ್ತೋಕೆ ನಂಗೂ ಆಗ್ತಿಲ್ಲ. ಆವತ್ತಿಂದ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದಿಲ್ಲ ನಾನು. ಮೈ ಸರಿಯಿಲ್ಲ ಅಂತ ಹೇಳ್ಕೊಂಡು ಹರಿದ ಬಲೆ ಕಟ್ತಾ ಹೆಂಗಸರ ಜೊತೆ ಕೂತಿರ್ತೀನಿ.

ನೀನು ಹನ್ನೆರಡನೇ ತಾರೀಕು ಹೋಗು. ನೆಟ್ಟಗೆ ನಿಂತ್ಕೋ. ಕೊಟ್ಟಿದ್ದು ತಗೋ. ಬೇಡ ಅಂತ ಬರ್ಕೊಟ್ಟೆ ಅಂತ ಗೊತ್ತಾದ್ರೆ ವಿಶಾಖಪಟ್ನಕ್ಕೇ ಬಂದು ನಿಮ್ಮ ಗೇಟಿನ ಮುಂದೆ ನಿಂತು ಇದನ್ನೆಲ್ಲಾ ಕೂಗ್ತೀನಿ.

ಇಂತಿ,
ನೀನು ನಾಲ್ಕನೇ ಸಲ ಎಳ್ಕೊಂಡು ಬಂದೋನು,
ನೂಕರಾಜು

ಮತ್ತೆ ಬರ್ದಿದ್ದು: ಅಮ್ಮಂಗೆ ಓದ್ದೆ. ಎಲ್ಲಾ ಓದ್ದೆ, ಟೀ ಕುಡಿದಿದ್ದೂ ಸೇರಿಸಿ. ಅಮ್ಮ ಅಳ್ತಾಳೆ, ಇಲ್ಲಾ ಸೌಟು ತಗೊಂಡು ಹೊಡೀತಾಳೆ ಅಂದ್ಕೊಂಡಿದ್ದೆ. ಎದ್ದು ಹೋಗಿ ಆದೆಮ್ಮನ ಕಡೆ ಕಿಟಕಿ ಹಾಕಿ ಬಂದು ಕೂತ್ಲು. 'ಗೊತ್ತು' ಅಂದ್ಲು.

ಏನು ಗೊತ್ತು ಅಂದೆ. ಆಸ್ಪತ್ರೆಯಿಂದ ಬಂದ ಮೂರನೇ ದಿನ ನಂಗೆ ಜ್ವರ ಬಂದಿತ್ತಂತೆ. ನಾನು 'ಅಯ್ಯ ಹೋದ' ಅಂತ ಕೂಗ್ತಿದ್ನಂತೆ, ಕೂಗಿ ಆದ್ಮೇಲೆ, 'ಕರೀಬೇಡ ಅಯ್ಯ, ಕರೀಬೇಡ' ಅಂತ ಬೇಡ್ಕೋತಿದ್ನಂತೆ. ಅಮ್ಮ ನನ್ನ ಬಾಯಿಗೆ ಸೆರಗು ಒತ್ತಿ ಹಿಡಿದಿದ್ಲಂತೆ, ಪಕ್ಕದ ಮನೆಗೆ ಕೇಳದ ಹಾಗೆ. ಅಂದ್ರೆ ಹತ್ತನೇ ದಿನ ಊರ ಮುಂದೆ ನಿನ್ನ ತೋಳು ಹಿಡಿದು ಎಬ್ಬಿಸಿದಾಗ ಅವಳಿಗೆ ಎಲ್ಲಾ ಗೊತ್ತಿತ್ತು.

ಮತ್ತೆ ಅಣ್ಣನ್ನ ಯಾಕೆ ಹೊರಗೆ ಹಾಕ್ದೆ ಅಂತ ಕಿರುಚ್ದೆ. ಅಮ್ಮ ಕಿರುಚಲಿಲ್ಲ. 'ಅಣ್ಣ ಬರೋಕೆ ಮುಂಚೇನೇ ಪೆಂಟಯ್ಯ ಊರಿಗೆಲ್ಲಾ ಬಾಯಿ ಬಿಟ್ಟಿದ್ದ, ಊರು ಒಬ್ಬನ್ನ ತಿನ್ನದೇ ಬಿಡ್ತಿರಲಿಲ್ಲ. ಅವನಿಗೆ ಹಡಗಿದೆ, ಅನ್ನ ಇದೆ, ಹೋಗೋಕೆ ಜಾಗ ಇದೆ. ನಿಂಗೆ ಏನಿದೆ? ನಿನ್ನ ಕೈಬಿಟ್ಟಿದ್ರೆ ಮಾರನೇ ದಿನಾನೇ ನೀನು ನೀರಿಗೆ ನಡೀತಿದ್ದೆ. ಅವನು ತಡ್ಕೋತಾನೆ, ಅದಕ್ಕೆ ಅವನ್ನ ಕೊಟ್ಟೆ' ಅಂದ್ಲು. ಹಂಗಂತ ಅವಳೇ ಅಂದಿದ್ದು, ಅಕ್ಷರ ಬಿಡದೆ ಬರ್ದಿದೀನಿ.

ಅಯ್ಯ ಸುಮ್ಮನಿದ್ದ, ನೀನು ಸುಮ್ಮನಿದ್ದೆ, ಅಮ್ಮ ಸುಮ್ಮನಿದ್ಲು. ಮೂರೂ ಜನ ಸೇರಿ ನನ್ನ ಉಳಿಸಿದ್ರಂತೆ. ನನ್ನ ಯಾರಾದ್ರೂ ಒಬ್ರು ಕೇಳಿದ್ರಾ?

ಕಾಗದ ಒಲೆಗೆ ಹಾಕು ಅಂತಿದಾಳೆ. ನಾನು ಕೊಡ್ಲಿಲ್ಲ. ಈಗ ಹೊಸ್ತಿಲ ಮೇಲೆ ಕಾಲು ಚಾಚಿ ಬಾಗಿಲಿಗೆ ಅಡ್ಡ ಕೂತಿದಾಳೆ, ನಾನು ಗುಡಿ ಕಡೆ ಹೋಗಬಾರದು ಅಂತ. ಕಟ್ಟೆ ಮೇಲೆ ಜನ ಸೇರ್ತಿರೋ ಸದ್ದು ಕೇಳ್ತಿದೆ. ಅಮ್ಮ ತುಂಬಾ ಇಳಿದು ಹೋಗಿದಾಳೆ ಅಣ್ಣಾ, ಮೂಳೆ ಅಷ್ಟೇ ಇರೋದು. ಎತ್ತಿ ಪಕ್ಕಕ್ಕೆ ಕೂರಿಸಿ ಹೋಗ್ತೀನಿ.